ದುಬಾರಿ ಸ್ಪೀಕರ್ ಕೊಳ್ಳುವ ಮುನ್ನ: ಕೇಳಿ ನೋಡುವುದು, ಹೋಲಿಸಿ ನೋಡುವುದು ಹೇಗೆ

ನಾನು ಮೊದಲ ಸಲ ದೊಡ್ಡ ಸ್ಪೀಕರ್ ಕೊಂಡದ್ದು ಹದಿನೈದು ನಿಮಿಷದ ಡೆಮೊ ಕೇಳಿ. ಎರಡು ಜೋಡಿ ಪಕ್ಕಪಕ್ಕ ನಿಲ್ಲಿಸಿದ್ದರು. ಮೊದಲನೆಯದರಲ್ಲಿ ಹಾಡು ಮಂಕಾಗಿತ್ತು. ಸ್ವಿಚ್ ತಿರುಗಿಸಿ ಎರಡನೆಯದಕ್ಕೆ ಬದಲಾಯಿಸಿದ್ದೇ ತಡ, ಎಲ್ಲಕ್ಕೂ ಜೀವ ಬಂದ ಹಾಗಾಯಿತು, ಹಾಡುವವಳು ಎರಡು ಹೆಜ್ಜೆ ಮುಂದೆ ಬಂದು ನಿಂತಂತೆ. ಅಲ್ಲೇ ತೀರ್ಮಾನ ಮಾಡಿ ಮನೆಗೆ ತಂದೆ. ಎರಡು ವಾರ ಕಳೆಯುವಷ್ಟರಲ್ಲಿ, ಅರ್ಧ ಗಂಟೆ ಕೇಳಿದರೆ ಸಾಕು, ಎದ್ದು ಹೋಗೋಣ ಅನ್ನಿಸತೊಡಗಿತು. ಆಮೇಲೆ ಎರಡರ ಸ್ಪೆಕ್ ಶೀಟ್ ಮುಂದಿಟ್ಟುಕೊಂಡು ನೋಡಿದಾಗ ವಿಷಯ ಗೊತ್ತಾಯಿತು: ಎರಡನೇ ಜೋಡಿಯ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವೋಲ್ಟೇಜಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವ ಅಳತೆ, 3 ಡೆಸಿಬಲ್ ಜಾಸ್ತಿ. ನನಗೆ ಹಿಡಿಸಿದ್ದು ಆ ಜೋರು. ವಾಲ್ಯೂಮ್ ನಾಬನ್ನು ಯಾರೂ ಮುಟ್ಟಿರಲಿಲ್ಲ, ಎಡವಟ್ಟಾಗಿದ್ದೂ ಅಲ್ಲೇ.

ಸ್ಪೀಕರ್ ಹೋಲಿಸುವುದು ಅಂದರೆ, ಸ್ಪೀಕರ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಥರ ಇರುವ ಹಾಗೆ ನೋಡಿಕೊಳ್ಳುವ ಕೆಲಸ. ಹಾಡು, ಜೋರು, ಜಾಗ, ಕುರ್ಚಿ, ಆಂಪ್ (ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರ್) ಎಲ್ಲವೂ. ಇದಕ್ಕೆ ಚಿನ್ನದ ಕಿವಿ ಏನೂ ಬೇಕಿಲ್ಲ, ತಾಳ್ಮೆ ಬೇಕು, ಒಂದು ಟೇಪು, ಒಂದು ನೋಟ್‌ಬುಕ್ಕು, ಕೈಯಲ್ಲಿರುವ ಫೋನು ಸಾಕು.

ಹಂತ 1: ಅಂಗಡಿಗೆ ಹೋಗುವ ಮೊದಲು ನಿಮ್ಮ ಕೋಣೆ ಅಳೆಯಿರಿ

ಬಹಳ ಜನ ಇದನ್ನು ಕೊನೆಗೆ ಮಾಡುತ್ತಾರೆ, ಸ್ಪೀಕರ್ ಬಂದು ಗುಂಯ್ ಅನ್ನತೊಡಗಿದ ಮೇಲೆ. ಕೋಣೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಉದ್ದವನ್ನು ಎರಡರಿಂದ ಗುಣಿಸಿ, ಬಂದದ್ದರಿಂದ 343ನ್ನು ಭಾಗಿಸಿ. 4 ಮೀಟರ್ ಉದ್ದದ ಕೋಣೆಗೆ 43 ಹರ್ಟ್ಜ್ (ಸೆಕೆಂಡಿಗೆ 43 ಕಂಪನದ ಸ್ವರ) ಬರುತ್ತದೆ, 5 ಮೀಟರಿಗೆ 34. ಆ ಸ್ವರ ಬಂದಾಗಲೆಲ್ಲ ಕೋಣೆ ಉಯ್ಯಾಲೆಯ ಹಾಗೆ ತೂಗುತ್ತದೆ, ಗೋಡೆಗಳ ಹತ್ತಿರ ಜೋರು, ನಟ್ಟನಡುವೆ ಬಹುತೇಕ ಮಾಯ. ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಹಾಗಾಗಿ 4 ಮೀಟರ್ ಕೋಣೆಯಲ್ಲಿ ಹಿಂದಿನ ಗೋಡೆಗೆ ಒರಗಿ ಕೂತವರಿಗೆ ಆ ಒಂದು ಸ್ವರ ಮಾತ್ರ ಬೇರೆಯೆಲ್ಲಕ್ಕಿಂತ ದಪ್ಪವಾಗಿ ಕೇಳಿಸುತ್ತದೆ. ಸ್ಪೀಕರ್ ಯಾವುದಾದರೂ ಅಷ್ಟೆ. ಉದ್ದ ಅಗಲ ಒಂದೇ ಇರುವ ಚೌಕ ಕೋಣೆಯಾದರೆ ಎರಡು ತೂಗಾಟ ಒಂದೇ ಸ್ವರದ ಮೇಲೆ ಬೀಳುತ್ತವೆ, ಇನ್ನೂ ಕಷ್ಟ.

ಸಾಮಾನ್ಯ ಮನೆಯ ಕೋಣೆಯಲ್ಲಿ ಸುಮಾರು 200ರಿಂದ 300 ಹರ್ಟ್ಜ್‌ಗಿಂತ ಕೆಳಗೆ ಕೋಣೆಯದೇ ಕಾರುಬಾರು, ಅದಕ್ಕಿಂತ ಮೇಲೆ ಸ್ಪೀಕರಿನದು. ಈ ಗಡಿಯನ್ನು ಮ್ಯಾನ್‌ಫ್ರೆಡ್ ಶ್ರೋಡರ್ ಎಂಬ ವಿಜ್ಞಾನಿಯ ಹೆಸರಿನಿಂದ ಕರೆಯುತ್ತಾರೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ. ಶೋರೂಮಿನಲ್ಲಿ ಕೇಳಿದ ಬೇಸ್ ಶೋರೂಮಿನದು, ಅದು ನಿಮ್ಮ ಜೊತೆ ಮನೆಗೆ ಬರುವುದಿಲ್ಲ.

ಇನ್ನೊಂದು ಅಳತೆ: ಸ್ಪೀಕರ್ ಹಿಂದಿನ ಗೋಡೆಯಿಂದ ಎಷ್ಟು ದೂರ ನಿಲ್ಲಬಹುದು? ಮನೆಯಲ್ಲಿ ನಿಜವಾಗಲೂ ಎಷ್ಟು ಬಿಡಲು ಆಗುತ್ತದೋ ಅದನ್ನು ಬರೆಯಿರಿ, ಆಸೆಯದ್ದಲ್ಲ. ಸ್ಪೀಕರಿನ ಮುಖ ಗೋಡೆಯಿಂದ 1 ಮೀಟರ್ ಮುಂದಿದ್ದರೆ, ಹಿಂದೆ ಹೋಗಿ ಬಡಿದು ವಾಪಸ್ ಬರುವ ಅಲೆ ಸುಮಾರು 86 ಹರ್ಟ್ಜ್ ಹತ್ತಿರ ನೇರ ಶಬ್ದವನ್ನು ತಿಂದುಹಾಕುತ್ತದೆ. ಅರ್ಧ ಮೀಟರ್ ಇದ್ದರೆ 171ರ ಹತ್ತಿರ. ಎಲೆಕ್ಟ್ರೋಸ್ಟ್ಯಾಟಿಕ್ ಥರದ ತೆಳು ಪ್ಯಾನಲ್ ಸ್ಪೀಕರ್‌ಗಳು ಮುಂದಕ್ಕೆ ಎಷ್ಟು ಶಬ್ದ ಬಿಡುತ್ತವೋ ಹಿಂದಕ್ಕೂ ಅಷ್ಟೇ ಬಿಡುತ್ತವೆ. ಅವಕ್ಕೆ ಹಿಂದೆ ಕಡಿಮೆ ಅಂದರೂ ಒಂದು ಮೀಟರ್ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಅವುಗಳ ಡೆಮೊಗೇ ಹೋಗಬೇಡಿ, ಸುಮ್ನೆ ಮನಸ್ಸು ಕೆಡುತ್ತದೆ.

ಹಂತ 2: ಕಾಗದದ ಮೇಲೆ ಪಟ್ಟಿ ಚಿಕ್ಕದು ಮಾಡಿ

ಸ್ಪೆಕ್ ಶೀಟಿನಲ್ಲಿ ನೋಡಬೇಕಾದ್ದು ಎರಡೇ ಸಾಲು. ಒಂದು ಸೆನ್ಸಿಟಿವಿಟಿ: 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂದು. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ; 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದರೆ 1 ವ್ಯಾಟ್. ಆದರೆ 4 ಓಮ್ ಸ್ಪೀಕರಿಗೆ ಅದೇ 2 ವ್ಯಾಟ್ ಆಗುತ್ತದೆ. ಹಾಗಾಗಿ 4 ಓಮ್ ಸ್ಪೀಕರಿನ 90 ಅನ್ನುವ ಅಂಕಿಯಿಂದ 3 ಕಳೆದೇ ಹೋಲಿಸಿ.

ಒಂದು ಲೆಕ್ಕ ನೋಡೋಣ. 88 ಡೆಸಿಬಲ್‌ನ ಜೋಡಿ, 3 ಮೀಟರ್ ದೂರ ಕೂತಿದ್ದೀರಿ. ದೂರದಿಂದ ಸುಮಾರು 9.5 ಹೋಯಿತು, ಎರಡು ಸ್ಪೀಕರ್ ಇರುವುದರಿಂದ 3 ಬಂತು, ಉಳಿದದ್ದು 81.5. ಡ್ರಮ್ಮಿನ ಏಟು 100 ಡೆಸಿಬಲ್ ಮುಟ್ಟಬೇಕಾದರೆ ಇನ್ನೂ 18.5 ಬೇಕು, ಅಂದರೆ ಪ್ರತಿ ಸ್ಪೀಕರಿಗೆ 70 ವ್ಯಾಟ್ ಆಸುಪಾಸು. ಕೋಣೆಯ ಗೋಡೆಗಳು ಸ್ವಲ್ಪ ಸಹಾಯ ಮಾಡುತ್ತವೆ, ಹಾಗಾಗಿ ನಿಜದಲ್ಲಿ ಇಷ್ಟು ಬೇಕಾಗದೆಯೂ ಇರಬಹುದು. ಅದೇ ಸ್ಪೀಕರ್ 85 ಆಗಿದ್ದರೆ 140 ವ್ಯಾಟ್. ಪ್ರತಿ 3 ಡೆಸಿಬಲ್‌ಗೆ ಪವರ್ ದುಪ್ಪಟ್ಟು. ನಿಮ್ಮ ಆಂಪ್ ಚಿಕ್ಕದಾಗಿದ್ದರೆ ಪಟ್ಟಿ ಇಲ್ಲೇ ಅರ್ಧ ಆಗುತ್ತದೆ.

ಎರಡನೆಯದು ಇಂಪೀಡೆನ್ಸ್, ಅಂದರೆ ಓಮ್‌ನಲ್ಲಿ ಅಳೆಯುವ ಆ ತಡೆ. ಡಬ್ಬಿಯ ಮೇಲಿನ 8 ಓಮ್ ಬರೀ ಹೆಸರಿಗೆ, ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ. 3 ಓಮ್‌ವರೆಗೆ ಇಳಿಯುವುದಾದರೆ ಗಟ್ಟಿ ಆಂಪ್ ಬೇಕು.

ಇನ್ನು ಗ್ರಾಫ್. ತಯಾರಕರು ಕೊಡುವ ‘40 ಹರ್ಟ್ಜ್‌ನಿಂದ 25 ಕಿಲೋಹರ್ಟ್ಜ್’ ಅನ್ನುವ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಸ್ಪಿನೋರಾಮಾ ಸಿಕ್ಕರೆ ಅದನ್ನು ನೋಡಿ. ಸ್ಪೀಕರಿನ ಸುತ್ತ ಅಡ್ಡಡ್ಡ ಮತ್ತು ಮೇಲೆ ಕೆಳಗೆ 10 ಡಿಗ್ರಿಗೊಂದರಂತೆ ಒಟ್ಟು 70 ಅಳತೆ ತೆಗೆದು ಕೆಲವೇ ಗೆರೆಗಳಲ್ಲಿ ತೋರಿಸುವ ಪದ್ಧತಿ ಇದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ನಡೆಸಿದ ಕೇಳುವ ಪರೀಕ್ಷೆಗಳಿಂದ ಶುರುವಾದ ದಾರಿಯ ಫಲ. ನೋಡಬೇಕಾದ್ದು ಇಷ್ಟೇ: ನೇರ ಎದುರಿನ ಗೆರೆ ಹೆಚ್ಚುಕಮ್ಮಿ ಮಟ್ಟಸವಾಗಿರಬೇಕು. ಪಕ್ಕಗಳಿಗೆ ಹೋಗುವ ಶಬ್ದದ ಗೆರೆ ಎಲ್ಲೂ ದಿಢೀರ್ ಗುಂಡಿ ಬೀಳದೆ ನಿಧಾನಕ್ಕೆ ಇಳಿಯುತ್ತಾ ಹೋಗಬೇಕು. ಮರೆಯಲ್ಲಿ ಕೂರಿಸಿ ಕೇಳಿಸಿದಾಗ ಬಹುತೇಕರು ಮೆಚ್ಚುವುದು ಇಂಥ ಸ್ಪೀಕರನ್ನೇ. ‘ನನ್ನ ಕಿವಿ ಬೇರೆ, ನನ್ನ ರುಚಿ ಬೇರೆ’ ಅಂತ ನಾನೂ ಹೇಳುತ್ತಿದ್ದೆ. ಕಣ್ಣು ಮುಚ್ಚಿದ ಮೇಲೆ ಅಷ್ಟೇನೂ ಬೇರೆ ಇರಲಿಲ್ಲ.

ಪಟ್ಟಿಯಲ್ಲಿ ಮೂರು ಉಳಿಸಿ. ನಾಲ್ಕೂ ಬೇಡ, ಕಿವಿ ಗೊಂದಲಕ್ಕೆ ಬೀಳುತ್ತದೆ.

ಹಂತ 3: ನಿಮ್ಮ ಹಾಡುಗಳನ್ನು ನೀವೇ ಒಯ್ಯಿರಿ

ಡೆಮೊಗೆ ಇಟ್ಟ ಹಾಡುಗಳು ಇರುತ್ತವಲ್ಲ, ಒಂದು ಗಿಟಾರು, ಪಿಸುಗುಡುವ ಒಂದು ಹೆಣ್ಣುದನಿ, ನಡುವೆ ಬೇಕಾದಷ್ಟು ಮೌನ, ಅವು ಯಾವ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳಿಸುತ್ತವೆ. ಅವುಗಳನ್ನು ಇಟ್ಟಿರುವುದೇ ಅದಕ್ಕೆ. ನೀವು ವರ್ಷಗಳಿಂದ ಕೇಳಿರುವ, ಎಲ್ಲಿ ಏನು ಬರುತ್ತದೆ ಎಂದು ಬಾಯಿಪಾಠವಾಗಿರುವ ಆರೋ ಎಂಟೋ ಹಾಡು ಸಾಕು. ಫ್ಲ್ಯಾಕ್ ಥರದ ನಷ್ಟವಿಲ್ಲದ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿ. ಸ್ಟ್ರೀಮಿಂಗ್ ಆ್ಯಪಿನಿಂದಲೇ ಕೇಳುವುದಾದರೆ, ಹಾಡುಗಳ ಜೋರನ್ನು ತಾನೇ ಸರಿಮಾಡುವ ಸೆಟ್ಟಿಂಗ್ ಆನ್ ಇರಲಿ ಆಫ್ ಇರಲಿ, ಎಲ್ಲ ಡೆಮೊಗೂ ಒಂದೇ ಥರ ಇಡಿ.

ಯಾವ ಹಾಡು? ಪಕ್ಕವಾದ್ಯ ಕಡಿಮೆ ಇರುವ ಒಂದು ಗಂಡುದನಿ, ಒಂದು ಹೆಣ್ಣುದನಿ. ಒಂದು ಪಿಯಾನೊ, ಯಾಕೆಂದರೆ ಅದರ ಸ್ವರಗಳು 27.5 ಹರ್ಟ್ಜ್‌ನಿಂದ 4186ರವರೆಗೆ ಹರಡಿವೆ, ಸ್ಪೀಕರಿನ ಎಲ್ಲ ಕೋನ್‌ಗಳನ್ನೂ (ಅಲುಗಿ ಶಬ್ದ ಹುಟ್ಟಿಸುವ ಬಟ್ಟಲುಗಳು) ಮುಟ್ಟಿ ಬರುತ್ತದೆ. ಬೇಸ್ ಸ್ವರದಿಂದ ಸ್ವರಕ್ಕೆ ನಡೆದುಕೊಂಡು ಹೋಗುವ ಒಂದು ಹಾಡು. ಹತ್ತಾರು ವಾದ್ಯ ಒಟ್ಟಿಗೆ ಮೊಳಗುವ ಒಂದು. ತಂಬೂರಿ ಒಂದೇ ನುಡಿಯುವ ಒಂದು ನಿಮಿಷ ಸಿಕ್ಕರೆ ಬಿಡಬೇಡಿ, ಜೀವಾಳದಿಂದ ಏಳುವ ಆ ಮೇಲುಸ್ವರಗಳ ಝೇಂಕಾರ ಬಿಡಿಬಿಡಿಯಾಗಿ ಕೇಳಿಸುತ್ತದೋ ಇಲ್ಲ ಬರೀ ಗುಯ್ ಅನ್ನುತ್ತದೋ ಅನ್ನುವುದರಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗವಾದ ಟ್ವೀಟರಿನ ಬಣ್ಣ ಬಯಲಾಗುತ್ತದೆ. ಕೊನೆಗೆ ಕೆಟ್ಟದಾಗಿ ರೆಕಾರ್ಡ್ ಆಗಿರುವ, ಆದರೂ ನಿಮಗೆ ಪ್ರಾಣವಾದ ಒಂದು ಹಾಡು. ಅದು ಕೇಳಲಾಗದಂತಾದರೆ ಆ ಸ್ಪೀಕರ್ ನಿಮಗಲ್ಲ, ಯಾಕೆಂದರೆ ಮನೆಯಲ್ಲಿ ನೀವು ಕೇಳುವುದು ಅಂಥವನ್ನೇ ಅಲ್ವಾ.

ಒಂದೊಂದು ಹಾಡಿನಲ್ಲಿ 30ರಿಂದ 40 ಸೆಕೆಂಡಿನ ತುಣುಕು ಗುರುತು ಮಾಡಿಕೊಳ್ಳಿ. ಜೊತೆಗೆ ಒಂದು ಪಿಂಕ್ ನಾಯ್ಸ್ (ದಪ್ಪ ತೆಳು ಸ್ವರಗಳೆಲ್ಲ ಬೆರೆತ, ನೀರು ಸುರಿದಂಥ ಸದ್ದು) ಫೈಲ್ ಬೇಕೇ ಬೇಕು. 500ರಿಂದ 2000 ಹರ್ಟ್ಜ್ ನಡುವಿಗೆ ಮಾತ್ರ ಸೀಮಿತವಾದ ಪಿಂಕ್ ನಾಯ್ಸ್ ಸಿಕ್ಕರೆ ಅದೂ ಇರಲಿ.

ಹಂತ 4: ಶೋರೂಮಿನಲ್ಲಿ ಮೊದಲ ಹತ್ತು ನಿಮಿಷ ಹಾಡು ಬೇಡ

ಮೊದಲೇ ಫೋನ್ ಮಾಡಿ, ಜನ ಕಡಿಮೆ ಇರುವ ಹೊತ್ತು, ಕಡಿಮೆ ಅಂದರೆ ಒಂದೂವರೆ ಗಂಟೆ ಕೇಳಿಕೊಳ್ಳಿ. ನಿಮ್ಮ ಆಂಪ್ ಹೊತ್ತುಕೊಂಡು ಹೋಗಲು ಆದರೆ ಒಳ್ಳೆಯದು. ಇಲ್ಲದಿದ್ದರೆ ಮೂರೂ ಜೋಡಿಗೆ ಒಂದೇ ಆಂಪ್ ಹಾಕಿಸಿ. ಅದಕ್ಕಿಂತ ಮೊದಲು ಟೋನ್ ಕಂಟ್ರೋಲ್, ಲೌಡ್‌ನೆಸ್ ಬಟನ್, ರೂಮ್ ಕರೆಕ್ಷನ್, ಸಬ್‌ವೂಫರ್ ಎಲ್ಲ ಆಫ್ ಆಗಿದೆಯಾ ನೋಡಿ. ಕೇಳುವುದಕ್ಕೆ ಸಂಕೋಚ ಬೇಡ.

ವೈರು ಉಲ್ಟಾ ಆಗಿದೆಯೋ ಎಂದು ನೋಡುವುದು ಸುಲಭ. ಪಿಂಕ್ ನಾಯ್ಸನ್ನು ಮೋನೊ ಮಾಡಿ, ಅಂದರೆ ಎಡಕ್ಕೂ ಬಲಕ್ಕೂ ಅದೇ ಸದ್ದು ಹೋಗುವಂತೆ, ಎರಡೂ ಸ್ಪೀಕರಿನಲ್ಲಿ ಹಾಕಿ. ಶಬ್ದ ನಟ್ಟನಡುವೆ ಒಂದು ಮುಷ್ಟಿಯಷ್ಟು ಜಾಗದಲ್ಲಿ ನಿಲ್ಲಬೇಕು. ತಲೆಯ ಸುತ್ತ ಹರಡಿಕೊಂಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಿದ್ದರೆ, ಬೇಸ್ ತೆಳ್ಳಗಾಗಿದ್ದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ಅದಲುಬದಲಾಗಿದೆ. ದೊಡ್ಡ ಶೋರೂಮಿನಲ್ಲೂ ಇದನ್ನು ಕಂಡಿದ್ದೇನೆ.

ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಕೂರಿ. ಮೆತ್ತನೆ ಸೋಫಾದಲ್ಲಿ ಹುದುಗಿದರೆ ಕಿವಿ ಒಂದು ಗೇಣು ಕೆಳಗಿಳಿಯುತ್ತದೆ, ಬೆನ್ನಿನ ದಿಂಬು ಕಿವಿಯವರೆಗೆ ಬಂದಿದ್ದರೆ ಇನ್ನೂ ತೊಂದರೆ. ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂರಿ. ಮನೆಯಲ್ಲಿ ಗ್ರಿಲ್ (ಸ್ಪೀಕರಿನ ಮುಂದಿನ ಮುಚ್ಚಳ) ಹಾಕಿಯೇ ಇಡುವುದಾದರೆ ಇಲ್ಲೂ ಹಾಕಿ.

ಹಂತ 5: ಜೋರು ಸರಿಸಮ ಮಾಡಿ

ಇದೊಂದನ್ನು ಮಾಡದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಎರಡು ಸ್ಪೀಕರ್ ನಡುವೆ ಒಂದು ಡೆಸಿಬಲ್ ವ್ಯತ್ಯಾಸ ಇದ್ದರೆ ನಮಗೆ ಅದು ‘ಜೋರು’ ಅಂತ ತಿಳಿಯುವುದಿಲ್ಲ. ‘ತೆರೆದುಕೊಂಡಿದೆ’, ‘ಬೇಸ್ ಚೆನ್ನಾಗಿದೆ’, ‘ವಿವರ ಜಾಸ್ತಿ’ ಅನ್ನುವ ರೂಪದಲ್ಲಿ ತಿಳಿಯುತ್ತದೆ. ಕಾರಣ ನಮ್ಮ ಕಿವಿಯಲ್ಲೇ ಇದೆ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ ಹಾಗೆ, ಶಬ್ದ ಮೆಲ್ಲಗಾದಷ್ಟೂ ಬೇಸ್ ನಮ್ಮ ಕಿವಿಗೆ ಬೇಗ ಮರೆಯಾಗುತ್ತದೆ, ಜೋರಾದಷ್ಟೂ ತುಂಬಿಕೊಳ್ಳುತ್ತದೆ. ಅಂದರೆ ವಾಲ್ಯೂಮ್ ಬದಲಾದರೆ ಸ್ಪೀಕರಿನ ಗುಣವೇ ಬದಲಾದ ಹಾಗೆ ಕೇಳಿಸುತ್ತದೆ.

ಮಾಡುವ ಬಗೆ ಹೀಗೆ. ಫೋನಿಗೆ ಒಂದು ಸೌಂಡ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅದು ತೋರಿಸುವ ಅಂಕಿ ನಿಜವಾದ ಡೆಸಿಬಲ್ ಆಗಿರಬೇಕಿಲ್ಲ, ಅದೇ ಫೋನು, ಅದೇ ಜಾಗ, ಅದೇ ದಿಕ್ಕು ಇದ್ದರೆ ವ್ಯತ್ಯಾಸವನ್ನು ಸರಿಯಾಗಿಯೇ ಹೇಳುತ್ತದೆ. ತಲೆ ಇರುವ ಜಾಗದಲ್ಲಿ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಕೈಯಲ್ಲಿ ಹಿಡಿಯಬೇಡಿ. ಮೊದಲ ಸ್ಪೀಕರಿನಲ್ಲಿ 500–2000 ಹರ್ಟ್ಜ್ ನಾಯ್ಸ್ ಹಾಕಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಎರಡನೆಯದರಲ್ಲಿ ಅದೇ ಅಂಕಿ ಬರುವವರೆಗೆ ವಾಲ್ಯೂಮ್ ತಿರುಗಿಸಿ. ಅರ್ಧ ಡೆಸಿಬಲ್ ಒಳಗೆ ಬಂದರೆ ಸಾಕು. ಆಂಪಿನ ಡಿಸ್‌ಪ್ಲೇಯಲ್ಲಿ ಕಾಣುವ ನಂಬರ್ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಮೊದಲನೆಯದಕ್ಕೆ −28, ಎರಡನೆಯದಕ್ಕೆ −31.5, ಹೀಗೆ. ಸ್ಪೀಕರ್ ಬದಲಾಯಿಸಿದಾಗಲೆಲ್ಲ ಆ ನಂಬರಿಗೆ ಹೋಗಬೇಕು. ಪೂರ್ತಿ ಪಿಂಕ್ ನಾಯ್ಸ್ ಯಾಕೆ ಬೇಡ ಅಂದರೆ, ಕೋಣೆಯ ಬೇಸ್ ತೂಗಾಟವೂ ಅದರಲ್ಲಿ ಸೇರಿ ಮೀಟರನ್ನು ದಾರಿ ತಪ್ಪಿಸುತ್ತದೆ.

ಸೇಲ್ಸ್‌ನವರು ‘ಒಂದೇ ವಾಲ್ಯೂಮಿನಲ್ಲಿ ಇದೆ ಸಾರ್’ ಅನ್ನುತ್ತಾರೆ. ನಾಬ್ ಒಂದೇ ಕಡೆ ಇರುವುದು ಬೇರೆ, ಜೋರು ಒಂದೇ ಇರುವುದು ಬೇರೆ, ನನ್ನ ಕಥೆ ಮೇಲೆ ಹೇಳಿದ್ದೇನೆ.

ಸರಾಸರಿ 75ರಿಂದ 80 ಡೆಸಿಬಲ್ ನಡುವೆ ಕೇಳಿ. 85ರಲ್ಲಿ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಅರ್ಧ ಸಮಯ ಅನ್ನುವುದು ಕೆಲಸದ ಜಾಗಕ್ಕೆ ಹಾಕಿದ ಸುರಕ್ಷತೆಯ ಗೆರೆ. ಆದರೆ ಕಿವಿಯ ಚುರುಕು ಅದಕ್ಕಿಂತ ಎಷ್ಟೋ ಮೊದಲೇ ಹೋಗುತ್ತದೆ. 20 ನಿಮಿಷಕ್ಕೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ.

ಹಂತ 6: ಒಂದೇ ಸ್ಪೀಕರ್, ಮೋನೊದಲ್ಲಿ

ಇದನ್ನು ಹೇಳಿದರೆ ಜನ ನಗುತ್ತಾರೆ. ಜೋಡಿ ಕೊಳ್ಳಲು ಬಂದು ಒಂದನ್ನು ಮಾತ್ರ ಕೇಳುವುದಾ? ಹೌದು. ಸ್ಟೀರಿಯೊದಲ್ಲಿ ಎಡಬಲದ ಆಟ, ಅಗಲ, ಆಳ ಎಲ್ಲ ಸೇರಿ ಸ್ಪೀಕರಿನ ದೋಷ ಮುಚ್ಚಿಹೋಗುತ್ತದೆ. ಒಂದೇ ಸ್ಪೀಕರಿನಲ್ಲಿ ಮೋನೊ ಕೇಳಿದಾಗ ಅವಿತುಕೊಳ್ಳಲು ಜಾಗ ಇಲ್ಲ. ಟೂಲ್ ಅವರ ಪರೀಕ್ಷೆಗಳಲ್ಲೂ ಜನ ಸ್ಪೀಕರಿನ ನಡುವೆ ಹೆಚ್ಚು ನಿಖರವಾಗಿ ಭೇದ ಹೇಳಿದ್ದು ಮೋನೊದಲ್ಲೇ.

ಎರಡು ಬ್ರ್ಯಾಂಡಿನ ಒಂದೊಂದು ಸ್ಪೀಕರನ್ನು ಅಕ್ಕಪಕ್ಕ ನಿಲ್ಲಿಸಿ, ಎರಡನ್ನೂ ನಿಮ್ಮ ಕಡೆ ತಿರುಗಿಸಿ. ಮೊದಲು ಪೂರ್ತಿ ಪಿಂಕ್ ನಾಯ್ಸ್. ಒಳ್ಳೆಯ ಸ್ಪೀಕರಿನಲ್ಲಿ ಅದು ದೂರದ ಜಲಪಾತದ ಹಾಗೆ, ಯಾವ ಸ್ವರವೂ ಎದ್ದು ಕಾಣದಂತೆ ಸುರಿಯುತ್ತದೆ. ಬಣ್ಣ ಬೆರೆಸುವ ಸ್ಪೀಕರಿನಲ್ಲಿ ಬಕೆಟ್ಟಿನೊಳಗಿಂದಲೋ ಕೊಳವೆಯೊಳಗಿಂದಲೋ ಬಂದ ಹಾಗಿರುತ್ತದೆ, ‘ಊ’ ಅಥವಾ ‘ಆ’ ಅಂದ ಹಾಗೆ. ಆಮೇಲೆ ದನಿಯ ತುಣುಕುಗಳು. ಐದಾರು ಸೆಕೆಂಡಿಗೊಮ್ಮೆ ಬದಲಾಯಿಸಿ. ಶಬ್ದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಉಳಿಯುವುದು, ಹತ್ತು ನಿಮಿಷ ವೈರು ಬಿಚ್ಚಿ ಕಟ್ಟಿ ಮಾಡಿದರೆ ನೀವು ಹೋಲಿಸುತ್ತಿರುವುದು ನೆನಪನ್ನಲ್ಲ, ನಿಮ್ಮ ಅಭಿಪ್ರಾಯವನ್ನು.

ಒಂದು ಎಚ್ಚರ: ಅಕ್ಕಪಕ್ಕ ನಿಂತರೂ ಎರಡರ ಜಾಗ ಒಂದೇ ಅಲ್ಲ. ಅರ್ಧ ಮೀಟರ್ ಸರಿದರೆ ಬೇಸ್ ಬದಲಾಗುತ್ತದೆ. ಒಮ್ಮೆ ಕೇಳಿದ ಮೇಲೆ ಎರಡರ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಅಭಿಪ್ರಾಯವೂ ಅದಲುಬದಲಾದರೆ ನೀವು ಹೋಲಿಸಿದ್ದು ನೆಲದ ಎರಡು ಜಾಗಗಳನ್ನು.

ಹಂತ 7: ಈಗ ಸ್ಟೀರಿಯೊ, ಏನನ್ನು ಕೇಳಬೇಕು

ದನಿಯಿಂದ ಶುರು ಮಾಡಿ. ಮನುಷ್ಯರ ದನಿ ನಮಗೆ ಹುಟ್ಟಿನಿಂದ ಗೊತ್ತು, ಅಲ್ಲಿ ಮೋಸ ಹೋಗುವುದು ಕಷ್ಟ. ಗಂಡುದನಿ ಎದೆಯಲ್ಲಿ ಊದಿಕೊಂಡ ಹಾಗಿದೆಯಾ? ಮೂಗಿನಿಂದ ಬಂದ ಹಾಗಿದೆಯಾ? ‘ಸ’, ‘ಶ’ ಬಂದಾಗ ಸೂಜಿ ಚುಚ್ಚುತ್ತದೆಯಾ? ಹಾಡುವವರು ಏರುದನಿಗೆ ಹೋದಾಗ ಮುಖ ಹಿಂದೆ ಸರಿಸಬೇಕು ಅನ್ನಿಸಿದರೆ ಅದನ್ನು ಹಾಗೆಯೇ ಬರೆದುಕೊಳ್ಳಿ, ದೊಡ್ಡ ಪದಗಳೇನೂ ಬೇಡ.

ಬೇಸ್‌ನಲ್ಲಿ ಎಷ್ಟಿದೆ ಅನ್ನುವುದನ್ನು ಬಿಟ್ಟು ಸ್ವರಗಳನ್ನು ಹಿಂಬಾಲಿಸಿ. ಬೇಸ್ ಗಿಟಾರ್ ನುಡಿಸಿದ್ದನ್ನು ನೀವು ಗುನುಗಲು ಆಗುತ್ತದೆಯಾ, ಅಥವಾ ಎಲ್ಲ ಒಂದೇ ಸ್ವರದ ಧಬಧಬ ಆಗಿದೆಯಾ? ಆದರೆ ಒಂದು ಸ್ವರ ಮಾತ್ರ ಗುಮ್ ಅಂದರೆ ತಕ್ಷಣ ಸ್ಪೀಕರಿಗೆ ಬೈಯಬೇಡಿ, ಕುರ್ಚಿಯನ್ನು ಒಂದು ಅಡಿ ಮುಂದೆ ಎಳೆದು ನೋಡಿ. ಮಾಯವಾದರೆ ಕೋಣೆಯದ್ದು.

ಟ್ರೆಬಲ್ ವಿಚಾರದಲ್ಲಿ ಬಹಳ ಜನ ಎಡವುವುದು. ಮೇಲಿನ ಸ್ವರಗಳನ್ನು ತುಸು ಎತ್ತಿ ಕೊಟ್ಟ ಸ್ಪೀಕರ್ ಮೊದಲ ಐದು ನಿಮಿಷ ‘ಅಬ್ಬಾ, ಇಷ್ಟು ದಿನ ಇದು ಕೇಳಿಸಿಯೇ ಇರಲಿಲ್ಲ’ ಅನ್ನಿಸುತ್ತದೆ. ಅದೇ ಎತ್ತುವಿಕೆ ಒಂದು ಗಂಟೆ ಆದ ಮೇಲೆ ತಲೆನೋವು. ನನ್ನ ನೋಟ್‌ಬುಕ್ಕಿನಲ್ಲಿ, ಈಗ ಮನೆಯಲ್ಲಿರುವ ಜೋಡಿಯ ಮೊದಲ ದಿನದ ಟಿಪ್ಪಣಿ ಒಂದೇ ಪದ: ‘ಸಪ್ಪೆ’. ಹಾಗಾಗಿ ಮೊದಲ ಅಭಿಪ್ರಾಯವನ್ನು ಬರೆದಿಡಿ, ಆದರೆ ನಂಬಬೇಡಿ.

ಹತ್ತಾರು ವಾದ್ಯ ಒಟ್ಟಿಗೆ ಬರುವ ಕಡೆ, ಜೋರಾದಾಗ ವಾದ್ಯಗಳು ತಮ್ಮ ತಮ್ಮ ಜಾಗದಲ್ಲೇ ಇರುತ್ತವೋ ಇಲ್ಲ ಒಂದರ ಮೇಲೊಂದು ಬಿದ್ದು ಗೋಡೆಯಾಗುತ್ತವೋ ನೋಡಿ. ಇದಕ್ಕೆ ಆಂಪಿನ ಸುಸ್ತೂ ಕಾರಣವಾಗಿರಬಹುದು.

ಆಮೇಲೆ ಎದ್ದು ನಿಲ್ಲಿ. ಅರ್ಧಕ್ಕರ್ಧ ಸ್ಪೀಕರ್‌ಗಳಲ್ಲಿ ನಿಂತ ತಕ್ಷಣ ದನಿಯ ಬಣ್ಣ ಬದಲಾಗುತ್ತದೆ, ಟ್ವೀಟರಿನಿಂದ ಕಿವಿಗೂ, ಬೇಸ್ ನುಡಿಸುವ ವೂಫರಿನಿಂದ ಕಿವಿಗೂ ಇರುವ ದೂರ ಬೇರೆಬೇರೆಯಾಗಿ, ಒಂದು ಬಿಟ್ಟ ಸ್ವರವನ್ನು ಇನ್ನೊಂದು ಹಿಡಿಯುವ ಗಡಿಯಾದ ಕ್ರಾಸೋವರ್ ಹತ್ತಿರ ಶಬ್ದ ಕತ್ತರಿಸಿ ಹೋಗುವುದರಿಂದ. ಟ್ವೀಟರನ್ನು ವೂಫರಿನ ನಡುವೆಯೇ ಕೂರಿಸಿದ ವಿನ್ಯಾಸಗಳಲ್ಲಿ, ಕೆಇಎಫ್ ಕಂಪನಿಯ ಯೂನಿ-ಕ್ಯೂ ಥರದವುಗಳಲ್ಲಿ, ಈ ತೊಂದರೆ ಕಡಿಮೆ. ಪಕ್ಕಕ್ಕೆ ನಡೆಯಿರಿ, ಸ್ಪೀಕರಿನ ಹೊರಗಿನ ಬದಿಗೂ ಹೋಗಿ. ಮಂಕಾಗುವುದು ಸಹಜ, ಆದರೆ ಬೇರೆಯೇ ಸ್ಪೀಕರ್ ಆದ ಹಾಗೆ ಅನ್ನಿಸಬಾರದು. ಮನೆಯಲ್ಲಿ ಗೋಡೆಗೆ ಬಡಿದು ನಿಮ್ಮನ್ನು ಮುಟ್ಟುವುದು ಆ ಪಕ್ಕದ ಶಬ್ದವೇ. ಬಾಗಿಲ ಹೊರಗೆ ನಿಂತೂ ಕೇಳಿ.

ಕೊನೆಗೆ ವಾಲ್ಯೂಮ್ ತೀರಾ ಇಳಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳುವಷ್ಟು. ಆಗಲೂ ಹಾಡಿನ ಮಾತು, ತಾಳ ಬಿಡಿಯಾಗಿ ತಿಳಿಯುತ್ತಿದ್ದರೆ ದೊಡ್ಡ ಗುಣ. ಶೋರೂಮಿನಲ್ಲಿ ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಮನೆಯಲ್ಲಿ ಮುಕ್ಕಾಲು ಪಾಲು ಕೇಳುವುದೇ ಹೀಗೆ.

ಕ್ಯಾಬಿನೆಟ್ಟಿಗೆ ಬೆರಳಿನಿಂದ ತಟ್ಟಿ ತಲೆದೂಗುವುದು ಬೇಕಿದ್ದರೆ ಮಾಡಿ, ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ.

ಹಂತ 8: ಸಾಧ್ಯವಾದರೆ ಕಣ್ಣಿಗೆ ಮರೆ ಕಟ್ಟಿ

1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್, ಹರ್ಮನ್ ಕಂಪನಿಯ ಉದ್ಯೋಗಿಗಳನ್ನೇ ಕೂರಿಸಿ, ಒಮ್ಮೆ ಸ್ಪೀಕರ್ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ದೊಡ್ಡ, ಚೆಂದದ, ತಮ್ಮದೇ ಕಂಪನಿಯ ಸ್ಪೀಕರಿಗೆ ಅಂಕ ಏರಿತು. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿತು. ಇದೇ ಕಸುಬಿನಲ್ಲಿದ್ದವರ ಪಾಡೇ ಹೀಗಾದರೆ ನಮ್ಮದು ಹೇಳಬೇಕೇ.

ಮನೆಯಲ್ಲಿ ಅಥವಾ ಒಪ್ಪುವ ಡೀಲರ್ ಬಳಿ, ಸ್ಪೀಕರ್ ಗ್ರಿಲ್ಲಿಗೆ ಬಳಸುವ ತೆಳು ಬಟ್ಟೆಯ ಪರದೆ ಕಟ್ಟಿ. ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗುವ ಬಟ್ಟೆ ಆಗಬೇಕು. ಗೆಳೆಯರೊಬ್ಬರು ನಾಣ್ಯ ಚಿಮ್ಮಿ ಯಾವುದನ್ನು ಮೊದಲು ಹಾಕುವುದು ಎಂದು ನಿರ್ಧರಿಸಲಿ, ಅವರೂ ಪರದೆಯ ಹಿಂದೆಯೇ ಇರಲಿ, ಅವರ ಮುಖ ನೋಡಿ ಊಹಿಸುವುದೂ ಉಂಟು. ಹತ್ತು ಸುತ್ತು, ಪ್ರತಿ ಸಲ ಯಾವುದು ಮೇಲು ಎಂದು ಮಾತ್ರ ಬರೆಯಿರಿ. ಹತ್ತರಲ್ಲಿ ಒಂಬತ್ತು ಸಲ ಒಂದೇ ಸ್ಪೀಕರ್ ಗೆದ್ದರೆ ಅದು ನಿಜ, ಸುಮ್ನೆ ಅದೃಷ್ಟದಿಂದ ಹಾಗಾಗುವುದು ತೀರಾ ಅಪರೂಪ. ಐದು-ಐದು, ಆರು-ನಾಲ್ಕು ಬಂದರೆ ಎರಡೂ ನಿಮಗೆ ಸಮ. ಕಡಿಮೆ ದುಡ್ಡಿನದು ತಗೊಳ್ಳಿ.

ಹಂತ 9: ಮನೆಯಲ್ಲಿ ಪರೀಕ್ಷೆ

ವಾಪಸ್ ಕೊಡಲು ಅವಕಾಶ ಇರುವ ಕಡೆಯೇ ಕೊಳ್ಳಿ. ಎಷ್ಟು ದಿನ, ಸಾಗಿಸುವ ಖರ್ಚು ಯಾರದ್ದು, ಬರೆಸಿಕೊಳ್ಳಿ. ಬಾಕ್ಸು, ಒಳಗಿನ ಥರ್ಮಕೋಲು ಒಂದನ್ನೂ ಬಿಸಾಡಬೇಡಿ. ಶೋರೂಮಿನಲ್ಲಿ ಇಟ್ಟಿದ್ದ ಜೋಡಿಯನ್ನೋ ಒಬ್ಬರು ಬಳಸಿದ್ದನ್ನೋ ಕೊಳ್ಳುವುದಾದರೆ, 30ರಿಂದ 100 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರುವ ಸ್ವರ ಹಾಕಿ ಎಲ್ಲಾದರೂ ಕಿರಕಿರ, ಪರಪರ ಬರುತ್ತದಾ ಕೇಳಿ. ಎರಡರ ಸೀರಿಯಲ್ ನಂಬರ್ ನೋಡಿ, ಟ್ವೀಟರ್ ತಗ್ಗಿದೆಯಾ ನೋಡಿ. ಹಳೆಯದಾದರೆ ಕೋನಿನ ಸುತ್ತಲ ಫೋಮ್ ಪುಡಿಯಾಗಿರುತ್ತದೆ.

‘ನೂರಾರು ಗಂಟೆ ಓಡಿದ ಮೇಲೆ ತೆರೆದುಕೊಳ್ಳುತ್ತದೆ’ ಅನ್ನುವ ಮಾತು ಕೇಳಿರುತ್ತೀರಿ. ಹೊಸ ಕೋನಿನ ಅಂಚು ಮೊದಲ ಕೆಲವು ಗಂಟೆಯಲ್ಲಿ ಸ್ವಲ್ಪ ಸಡಿಲವಾಗುವುದು ನಿಜ. ಅದರ ನಂತರ ವಾರಗಟ್ಟಲೆ ಬದಲಾಗುವುದು ಹೆಚ್ಚಾಗಿ ನಮ್ಮ ಕಿವಿಯೇ ಅನ್ನುವುದು ನನ್ನ ಅಭಿಪ್ರಾಯ. ಕಾಯುತ್ತಾ ಕೂತರೆ ವಾಪಸ್ ಕೊಡುವ ದಿನ ಕಳೆದುಹೋಗುತ್ತದೆ, ಅದು ಮಾತ್ರ ಖಂಡಿತ.

ಮೊದಲ ದಿನ ಜಾಗ ಹುಡುಕಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸಮಬಾಹು ತ್ರಿಕೋನ ಆಗುವಂತೆ ಶುರು ಮಾಡಿ. ಕುರ್ಚಿ ಹಿಂದಿನ ಗೋಡೆಗೆ ಅಂಟಿರಬಾರದು. ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡು, ಒಂದು ಸಲಕ್ಕೆ 10 ಸೆಂಟಿಮೀಟರ್ ಮಾತ್ರ ಸರಿಸಿ, ಬೇಸ್ ನಡೆಯುವ ಹಾಡಿನಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಮ್ಮಿ ಒಂದೇ ಸಮ ಬರುವ ಜಾಗ ಸಿಗುವವರೆಗೆ. ಅದಾದ ಮೇಲೆ ಒಳಕ್ಕೆ ತಿರುಗಿಸುವ ಕೋನ. ಮೊದಲು ಟ್ವೀಟರ್ ನೇರ ಭುಜದ ಕಡೆಗೆ, ಆಮೇಲೆ ಸ್ವಲ್ಪ ಸ್ವಲ್ಪ ಹೊರಕ್ಕೆ. ನಡುವಿನ ದನಿ ಗಟ್ಟಿಯಾಗಿ ನಿಂತು, ಚುಚ್ಚುವುದು ಕಡಿಮೆಯಾದ ಕಡೆ ನಿಲ್ಲಿಸಿ. ಸ್ಪೈಕು (ಸ್ಪೀಕರಿನ ಅಡಿಯ ಮೊನೆಕಾಲು) ಕೊನೆಗೆ ಹಾಕಿ, ಅದಕ್ಕೂ ಮೊದಲೇ ಹಾಕಿದರೆ ಸರಿಸುವುದು ಒಂದು ಶಿಕ್ಷೆ.

ರೂಮ್ ಇಕ್ಯೂ ವಿಝರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಒಂದು ಅಳತೆಯ ಮೈಕ್ ಇದ್ದರೆ ನಿಮ್ಮ ಕುರ್ಚಿಯಲ್ಲಿ ಏನಾಗುತ್ತಿದೆ ಎಂದು ಗ್ರಾಫ್ ತೋರಿಸುತ್ತದೆ. 300 ಹರ್ಟ್ಜ್‌ಗಿಂತ ಕೆಳಗೆ ಎದ್ದ ಗುಡ್ಡಗಳನ್ನು ಈಕ್ವಲೈಸರಿನಿಂದ ಕತ್ತರಿಸಬಹುದು. ಗುಂಡಿಗಳನ್ನು ತುಂಬಲು ಹೋಗಬೇಡಿ, ಅಲ್ಲಿ ಅಲೆಗಳು ಒಂದನ್ನೊಂದು ತಿನ್ನುತ್ತಿರುತ್ತವೆ, ಎಷ್ಟು ಪವರ್ ಸುರಿದರೂ ತುಂಬುವುದಿಲ್ಲ.

ಆಮೇಲೆ ಪರೀಕ್ಷೆ ಬಿಡಿ. ಒಂದು ವಾರ ಮಾಮೂಲಿಯಾಗಿ ಕೇಳಿ, ಅಡುಗೆ ಮಾಡುತ್ತಾ, ಓದುತ್ತಾ, ಮಾತಾಡುತ್ತಾ. ಪ್ರತಿ ರಾತ್ರಿ ಎರಡೇ ಸಾಲು ಬರೆಯಿರಿ: ಎಷ್ಟು ಹೊತ್ತು ಕೇಳಿದೆ, ಯಾಕೆ ನಿಲ್ಲಿಸಿದೆ. ‘ನಿದ್ದೆ ಬಂತು’ ಅಂತಿದ್ದರೆ ಒಳ್ಳೆಯದು. ‘ಸಾಕನ್ನಿಸಿತು’ ಅಂತ ಮೂರು ದಿನ ಸಾಲಾಗಿ ಬಂದರೆ ಎಚ್ಚರ. ಮನೆಯವರು ಏನಂದರು ಅನ್ನುವುದನ್ನೂ ಬರೆಯಿರಿ, ‘ಸ್ವಲ್ಪ ಕಡಿಮೆ ಮಾಡ್ತೀರಾ’ ಅನ್ನುವ ಮಾತು ಯಾವ ಸ್ಪೀಕರಿಗೆ ಜಾಸ್ತಿ ಬಂತು ಎಂದು ನೋಡಿದರೆ ಟ್ರೆಬಲ್ ಬಗ್ಗೆ ಬೇರೆ ಪುರಾವೆ ಬೇಡ.

ವಾಪಸ್ ಕೊಡುವ ಗಡುವಿಗೆ ಎರಡು ದಿನ ಇರುವಾಗ ನಿಮ್ಮ ಹಳೆಯ ಸ್ಪೀಕರ್ ಮತ್ತೆ ಕಟ್ಟಿ, ಅದೇ ಜಾಗದಲ್ಲಿ, ಜೋರು ಸರಿಸಮ ಮಾಡಿ, ಅದೇ ಪಟ್ಟಿಯ ಹಾಡು. ಹೊಸದು ಬಂದಾಗ ತಿಳಿಯದ ವ್ಯತ್ಯಾಸ ಹಳೆಯದಕ್ಕೆ ಮರಳಿದಾಗ ಚೆನ್ನಾಗಿ ತಿಳಿಯುತ್ತದೆ. ಹಾಡುವವರು ಗೋಡೆಯ ಆಚೆ ಹೋದ ಹಾಗೆ ಅನ್ನಿಸಿದರೆ ಹೊಸದನ್ನು ಇಟ್ಟುಕೊಳ್ಳಿ. ಅಂಥದ್ದೇನೂ ಅನ್ನಿಸದೆ ಹಾಯಾಗಿ ಎರಡು ಗಂಟೆ ಕೇಳಿಬಿಟ್ಟರೆ, ಬಾಕ್ಸ್ ಹೇಗೂ ಬಿಸಾಡಿಲ್ಲವಲ್ಲ, ಎತ್ತುವುದಕ್ಕೆ ಇನ್ನೊಬ್ಬರನ್ನು ಕರೆಯಿರಿ, ಒಬ್ಬರೇ ಎತ್ತಿದರೆ ಸೊಂಟ ಹಿಡಿಯುತ್ತದೆ.